ಹಸಿದ ಹೃದಯದ ಚಿತ್ರ

ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೃದಯವು ತನ್ನ ಪೋಷಣೆಗೆ ಕೆಲವು ಕಿರುಧಮನಿಗಳನ್ನೇ ನಂಬಿರುವುದು. ಅವು ಸಂಕುಚಿತವಾದರೆ ಶ್ರಮಪಟ್ಟಾಗ ಎದೆ ನೋಯುವುದು. ಕಳೆದ ವರ್ಷ ನಮಗೂ ಹೀಗಾಗಲು ವೈದ್ಯರು ಅಣುಚಿತ್ರ ಪರೀಕ್ಷೆಯನ್ನು ವಿಧಿಸಿದರು. ಹೆಸರು ಕೇಳಿಯೇ ನಮ್ಮ ಮನೆಯವರು ಕಂಗೆಟ್ಟರು.

ರಕ್ತನಾಳಕ್ಕೆ ಸೇರಿಸುವ ಟೆಕ್ನೀಷಿಯಂ ಎಂಬ ವಿಕಿರಣದ್ರವ್ಯವು ಅತ್ಯಲ್ಪವಾದುದು. 6 ಗಂಟೆಗಳಿಗೊಮ್ಮೆ ಅದರ ತೇಜಸ್ಸು ಅರ್ಧಕ್ಕಿಳಿಯುವುದು. ರಕ್ತವು ಚೆನ್ನಾಗಿ ಹರಿಯುವೆಡೆಯ ಸ್ನಾಯುವು ಅದನ್ನು ಹೀರಿ ಚಿತ್ರದಲ್ಲಿ ಬೆಳಗುವುದು. ದಣಿವಿನದೊಂದು, ವಿಶ್ರಾಂತಿಯದೊಂದು, ಹೀಗೆ ಎರಡು ಚಿತ್ರಗಳು. ಎರಡರಲ್ಲಿಯೂ ಮಂಕಾದ ಭಾಗವು ಪ್ರಾಯಶಃ ಸತ್ತು ಕಲೆಗಟ್ಟಿದುದು. ದಣಿವಿನದರಲ್ಲಿ ಮಾತ್ರ ಮಂಕಾದುದು ಹಸಿದಿದ್ದರೂ ಜೀವಂತವಾದುದು. ಪ್ರತಿ ಬಡಿತಕ್ಕೆ ಹೃದಯವು ಎಷ್ಟು ರಕ್ತವನ್ನು ಹೊರದೂಡುವುದೆಂಬುದೂ ಅದರಲ್ಲಿಯೇ ತಿಳಿಯುವುದು.

ನಮ್ಮದು ಹಸಿವೆಂದು ತಿಳಿದುದರಿಂದ ಚಿಕಿತ್ಸೆಗೆ ದಾರಿಯಾಯಿತು. ವಾಚಕರು ಎದೆನೋವನ್ನು ಅಜೀರ್ಣವೆಂದು ಕಡೆಗಣಿಸಬಾರದು.