ತೆರೆದ ವಾಹನಕ್ಕೆ ಭುಜದ ಸೀಟ್ ಬೆಲ್ಟ್: ಕಟ್ಟುವುದು ಯಾವುದಕ್ಕೆ?

ನಮ್ಮ ಬಿದ್ರಿ ಕಡೆಯವರಿಗೆ ಹಳೆಯ ತೆರೆದ ಕಾರಿಗಿಂತ ಓಪನ್ ಜೀಪು ಹೆಚ್ಚು ಪರಿಚಿತ. ಎರಡರ ಸಮಸ್ಯೆಯೂ ಒಂದೇ. ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು 'ಕಟ್ಟು' ಎಂಬ ಕ್ರಿಯಾಪದದಿಂದಲೇ ಶುರು ಮಾಡ್ತೀನಿ: ಕಟ್ಟೋದು ಸರಿ, ಯಾವುದಕ್ಕೆ?

ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಜೋಳಿಗೆಯ ಪಟ್ಟಿಯಂತೆ ಅದು ಹೆಗಲಿಂದ ಓರೆಯಾಗಿ ಇಳಿದು ಸೊಂಟ ಸೇರುತ್ತದೆ. ಹೊಡೆತದ ಬಲವನ್ನು ಎದೆಗೂಡಿಗೂ ಸೊಂಟದ ಮೂಳೆಗೂ ಹಂಚುತ್ತದೆ. ಮುಚ್ಚಿದ ಕಾರಿನಲ್ಲಿ ಮೇಲ್ತುದಿಯನ್ನು ಬಾಗಿಲ ಹಿಂದಿನ ಕಂಬಕ್ಕೆ ಬಿಗಿಯುತ್ತಾರೆ. ತೆರೆದ ವಾಹನದಲ್ಲಿ ಆ ಕಂಬವೇ ಇಲ್ಲ.

'ಸೀಟಿನ ಹಿಂದೆ ನೆಲಕ್ಕೇ ಬೋಲ್ಟ್ ಹಾಕಿದ್ರಾಯ್ತಲ್ಲ' ಅನ್ನಬಹುದು. ಅಪಾಯ ಇರೋದೇ ಅಲ್ಲಿ. ಪಟ್ಟಿ ಹೆಗಲು ದಾಟಿ ಕೆಳಕ್ಕೆ ಇಳಿದರೆ, ಡಿಕ್ಕಿಯಾದಾಗ ಅದು ದೇಹವನ್ನು ಕೆಳಕ್ಕೆ ಒತ್ತಿ ಬೆನ್ನುಮೂಳೆಗೆ ಪೆಟ್ಟು ಕೊಡುತ್ತದೆ. ಆದ್ದರಿಂದ ಮೇಲ್ತುದಿ ಹೆಗಲ ಮಟ್ಟದಲ್ಲಿ ಅಥವಾ ತುಸು ಮೇಲೆ ಇರಬೇಕು. ಅದಕ್ಕೆ ಗಟ್ಟಿಯಾಗಿ ಕೂರಿಸಿದ ರೋಲ್ ಬಾರ್ ಬೇಕು. ತೆಳು ತಗಡಿಗೆ ಬರೀ ಬೋಲ್ಟ್ ಸಾಲದು. ಹಿಂದೆ ದಪ್ಪ ಉಕ್ಕಿನ ಪ್ಲೇಟ್ ಕೊಡಬೇಕು. 1989ರಲ್ಲಿ ಬಂದ ಮರ್ಸಿಡಿಸ್ ಎಸ್‌ಎಲ್ ಬೆಲ್ಟನ್ನು ಸೀಟಿನೊಳಗೇ ಕೂರಿಸಿತು. ಆದರೆ ಆ ಸೀಟಿನ ಚೌಕಟ್ಟನ್ನು ಅದಕ್ಕೆಂದೇ ಮಾಡಲಾಗಿತ್ತು. ನಮ್ಮ ಹಳೆ ಜೀಪಿನ ಸೀಟು ಹಾಗಲ್ಲ.

ಸರಿಯಾದ ಜಾಗ ಸಿಗದಿದ್ದರೆ, ಭದ್ರವಾಗಿ ಬಿಗಿದ ಸೊಂಟದ ಪಟ್ಟಿಯೇ ಮೇಲು. ಅದು ಎದೆ, ತಲೆ ಸ್ಟೀರಿಂಗಿಗೆ ಬಡಿಯುವುದನ್ನು ತಡೆಯದು. ಆದರೆ ಹೊರಗೆ ಎಸೆಯಲ್ಪಡದಂತೆ ಹಿಡಿಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಹೀಗಾಗಿ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಗ್ಯಾರೇಜಿಗೆ ಹೋಗೋದು ಒಳ್ಳೇದು.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.