ಅವರೆ ಸಾಲಿನ ದುಡ್ಡಿಗೆ ಲೆಕ್ಕ ಕೇಳಬೇಡಿ

ಮನೆ ಖರ್ಚು ಕಡಿಮೆ ಮಾಡುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅದನ್ನು ಮಾಡಿ ನೋಡಿದವನು. ಮಾಡಿ ಕೆಟ್ಟ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ರಸ್ತೆಯ ಮಾಕಳಿ. ಸುತ್ತ ಗೋಡೌನು, ಲೇಔಟು. ಮಾದಾವರಕ್ಕೆ 2024ರಲ್ಲಿ ಮೆಟ್ರೋನೂ ಬಂತು. ಇದರ ನಡುವೆ ಒಂದೂವರೆ ಎಕರೆ ಕುಷ್ಕಿ ನನಗೆ ಉಳಿದಿದೆ. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಇಲ್ಲ. ಜೊತೆಗೆ ಎರಡು ಹಸು.

2018ರಲ್ಲಿ ಆಸೆಗೆ ಬಿದ್ದು ಕೊಳವೆಬಾವಿ ಕೊರೆಸಿದೆ. ಬರೀ ಧೂಳು ಬಂತು. ಒಂದೂವರೆ ಲಕ್ಷ ಕೈಸಾಲ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 3,000.

2019ರ ಯುಗಾದಿ ಮರುದಿನ ನೋಟ್‌ಬುಕ್ ಹಿಡಿದು ಕೂತು, ಅನಗತ್ಯ ಅನ್ನಿಸಿದ್ದನ್ನೆಲ್ಲ ಹೊಡೆದು ಹಾಕಿದೆ. ಕಾಫಿಪುಡಿ ಬೇಡ. ಹೆಂಗಸರಿಗೆ ವಾರದ ಹೂವು ಬೇಡ. ಎಲೆಅಡಿಕೆ ಬೇಡ. ಜಾತ್ರೆ, ಪರಿಷೆಗೆ ಹೋಗುವುದು ಬೇಡ. ಆ ವರ್ಷ ಹೊಲದಲ್ಲಿ ಅಕ್ಕಡಿ ಸಾಲೂ ಬೇಡ ಅಂದೆ. ರಾಗಿ ಒಂದನ್ನೇ ಬಿತ್ತಿದರೆ ಮಿಷನ್‌ನಲ್ಲಿ ಕೊಯ್ಯಿಸಬಹುದು, ಕೂಲಿ ಉಳಿಯುತ್ತದೆ ಅನ್ನೋ ಲೆಕ್ಕ. ನಡುವೆ ಅವರೆ ಇದ್ದರೆ ಮಿಷನ್ ಇಳಿಸಲು ಆಗುವುದಿಲ್ಲ.

ಮನೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ. ನಮ್ಮವ್ವನಿಗೆ ಬೆಳಿಗ್ಗೆ ಅರ್ಧ ಲೋಟ ಕಾಫಿ ಬೇಕಿತ್ತು. "ಸಾಲ ತೀರಲಿ ಅವ್ವ, ಆಮೇಲೆ ಕುಡಿಯೋವಂತೆ" ಅಂದೆ. "ಆಗಲಿ ಬಿಡಪ್ಪ" ಅಂದು ಬಿಸಿನೀರಿಗೆ ಬೆಲ್ಲ ಹಾಕಿ ಕುಡಿದಳು. 2020ರ ಸಂಕ್ರಾಂತಿ ಕಳೆದ ಮೇಲೆ ಅವ್ವ ತೀರಿಕೊಂಡಳು. ತಿಥಿಯ ದಿನ ಅವಳಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಟ್ಟೆವು. ಕಾಫಿಯನ್ನೂ ಇಟ್ಟೆವು.

ಉಳಿಸಿದ್ದೆಷ್ಟು?

ಆ ವರ್ಷದ ಯುಗಾದಿಗೆ ಲೆಕ್ಕ ಕೂಡಿಸಿದೆ. ಕಾಫಿಪುಡಿ 2,400, ಹೂವು 1,560, ಎಲೆಅಡಿಕೆ 2,600, ಜಾತ್ರೆ ಖರ್ಚು 840. ಒಟ್ಟು 7,400 ರೂಪಾಯಿ. ಎರಡೂವರೆ ತಿಂಗಳ ಬಡ್ಡಿಯೂ ಅಲ್ಲ! ಅಸಲು ಒಂದು ರೂಪಾಯಿ ಕರಗಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ನಮ್ಮನೆಯಾಕೆ ಆಗ ಬಾಯಿ ಬಿಟ್ಟಳು. "ನನ್ನ ಎರಡು ಮೊಳ ಹೂವು ಈ ಪುಸ್ತಕದಲ್ಲಿದೆ. ನೀವು ರಸ್ತೆ ಹೋಟ್ಲಲ್ಲಿ ಕುಡಿಯೋ ಟೀ ಯಾವ ಪುಟದಲ್ಲಿದೆ?"

ನನಗೆ ಉತ್ತರ ಇರಲಿಲ್ಲ. ದಿನಕ್ಕೆ ಎರಡು ಟೀ, ಒಂದಕ್ಕೆ 12 ರೂಪಾಯಿ. ವರ್ಷಕ್ಕೆ 8,760. ಮನೆಯವರೆಲ್ಲ ಬಿಟ್ಟಿದ್ದಕ್ಕಿಂತ ನಾನೊಬ್ಬ ಕುಡಿದದ್ದು ಜಾಸ್ತಿ. ಕೈಯಲ್ಲಿ ದುಡ್ಡು ಇದ್ದವನ ಸಂತೋಷ ಲೆಕ್ಕಕ್ಕೆ ಬರುವುದಿಲ್ಲ, ಕೇಳಿ ಪಡೆಯುವವರದು ಮಾತ್ರ ದುಂದು ಅನ್ನಿಸುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದು ಹೀಗೇ.

ಸಾಲ ತೀರಿದ್ದು ಜೋಡಿ ಎತ್ತು ಮಾರಿ, ಮಗನ ಸಂಬಳ ಸೇರಿಸಿ, 2021ರಲ್ಲಿ. ಕಾಫಿ ಬಿಟ್ಟಿದ್ದರಿಂದ ಅಲ್ಲ.

ಹಿಂದಿನವರು ಮಾಡಿದ್ದ ಏರ್ಪಾಟು

ಆಮೇಲೆ ಯೋಚನೆ ಮಾಡಿದೆ. ನಮ್ಮಪ್ಪನ ಕಾಲದಲ್ಲಿ ಈ ಸಣ್ಣ ಖರ್ಚಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು? ರಾಗಿಯಿಂದ ಅಲ್ಲ. ರಾಗಿ ಹೊಟ್ಟೆಗೆ, ಸಾಲಕ್ಕೆ, ಬೀಜಕ್ಕೆ. ಅಪ್ಪ ಕೂರಿಗೆ ಹೊಡೆದರೆ ಅವ್ವ ಹಿಂದೆ ಸಡ್ಡೆ ಹಿಡಿದು ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಬಿಡುತ್ತಿದ್ದಳು. ಆ ಸಾಲಿನದು, ಕೋಳಿ ಮೊಟ್ಟೆಯದು ಅವ್ವನ ದುಡ್ಡು, ಸಾಸಿವೆ ಡಬ್ಬಿಯಲ್ಲಿ ಇರುತ್ತಿತ್ತು. ಬಳೆ, ಹೂವು, ನಮಗೆ ಜಾತ್ರೆಯ ಬೆಂಡು ಬತ್ತಾಸು, ಎಲ್ಲ ಅದರಿಂದ. ಅಪ್ಪ ಒಂದು ದಿನವೂ ಲೆಕ್ಕ ಕೇಳಿದವನಲ್ಲ. ನಾನು ಅಕ್ಕಡಿ ಸಾಲು ಬಿಟ್ಟಾಗ ಬರೀ ಅವರೆಕಾಯಿ ಬಿಡಲಿಲ್ಲ, ಆ ಡಬ್ಬಿಯನ್ನೇ ಖಾಲಿ ಮಾಡಿದ್ದೆ.

ಈಗ ಮಾಡುತ್ತಿರುವುದು

2020ರ ಮುಂಗಾರಿನಿಂದ ಮತ್ತೆ ಅಕ್ಕಡಿಗೆ ಬಂದೆವು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ. ಕೃಷಿ ವಿಶ್ವವಿದ್ಯಾಲಯದವರು ಹೇಳುವುದೂ ಇದೇ ಲೆಕ್ಕ. ಎತ್ತು ಇಲ್ಲದ್ದರಿಂದ ಬಾಡಿಗೆ ಟ್ರ್ಯಾಕ್ಟರ್‌ನಲ್ಲಿ ಸಾಲು ಹೊಡೆಸಿ, ಅವರೆ ಕಾಳನ್ನು ಕೈಯಲ್ಲೇ ಹಾಕುತ್ತೇವೆ. ಹೆಬ್ಬಾಳದ ಎಚ್.ಎ.-4ರಂಥ ತಳಿಗಳು ಯಾವ ಕಾಲದಲ್ಲಾದರೂ ಹೂ ಬಿಡುತ್ತವೆ, ಬೇಗ ಮುಗಿಯುತ್ತವೆ. ಅಕ್ಕಡಿಗೆ ನಾವು ಹಾಕುವುದು ನಾಟಿ ಅವರೆ. ಹಗಲು ಕಮ್ಮಿಯಾಗುವ ತನಕ ಅದು ಹೂ ಬಿಡದು. ರಾಗಿ ಕೊಯ್ದ ಮೇಲೆ ಸಾಲು ಖಾಲಿ ಜಾಗದಲ್ಲಿ ಹಬ್ಬಿಕೊಂಡು, ಮಂಜು ಬೀಳುವಾಗ ಸೊಗಡಿನ ಕಾಯಿ ಕೊಡುತ್ತದೆ.

ರಾಗಿಯನ್ನು ಕುಡುಗೋಲಿನಲ್ಲೇ ಕೊಯ್ಯಬೇಕು. ಮಿಷನ್‌ಗಿಂತ ನಮಗೆ ಸುಮಾರು 3,500 ರೂಪಾಯಿ ಜಾಸ್ತಿ ಬೀಳುತ್ತದೆ. ಆದರೆ ಹುಲ್ಲು ಪುಡಿಯಾಗದೆ ಹಸುಗಳಿಗೆ ಪೂರ್ತಿ ಸಿಗುತ್ತದೆ. ಅದಕ್ಕೆ ಇದು ಸರಿಹೋಯಿತು ಅಂದುಕೊಂಡಿದ್ದೇನೆ.

2024ರಲ್ಲಿ ರಾಗಿ 12 ಕ್ವಿಂಟಲ್ ಆಯಿತು. ಐದು ಮನೆಗೆ, ಏಳು ಮಾರಾಟಕ್ಕೆ. ಆ ಸಾಲಿನ ಬೆಂಬಲ ಬೆಲೆ ಕ್ವಿಂಟಲಿಗೆ 4,290. ಬಂದ 30,030 ರೂಪಾಯಿ ನನ್ನ ಪುಸ್ತಕಕ್ಕೆ. ಅವರೆಕಾಯಿ ಮನೆಗೆ ತಿಂದು, ನೆಂಟರಿಗೆ ಕೊಟ್ಟು, 230 ಕಿಲೋ ಮಾರಿದೆವು. ಸರಾಸರಿ 42 ರೂಪಾಯಿ. 9,660 ರೂಪಾಯಿ ಆಕೆಯ ಡಬ್ಬಿಗೆ. ತಿಂಗಳಿಗೆ 800 ಆಯಿತು.

ಅದರಲ್ಲಿ ಕಾಫಿ, ಹೂವು, ಮೊಮ್ಮಗಳಿಗೆ ಬಣ್ಣದ ಪೆನ್ಸಿಲ್, ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಚಾರ್ಜಿಲ್ಲ, ಟಿಕೆಟ್ ನನಗೊಬ್ಬನಿಗೆ. 2025ರಲ್ಲಿ ಕಾಫಿಪುಡಿ ಬೆಲೆ ವಿಪರೀತ ಏರಿದಾಗ ಆಕೆ ಕಾಫಿ ನಿಲ್ಲಿಸಲಿಲ್ಲ. ಚಿಕೋರಿ ಸ್ವಲ್ಪ ಜಾಸ್ತಿ ಹಾಕಿಸಿ ತಂದಳು. ನನಗಾಗಿದ್ದರೆ ಈ ಉಪಾಯ ಹೊಳೆಯುತ್ತಿರಲಿಲ್ಲ.

ನಾಲ್ಕು ಕಟ್ಟುಪಾಡು

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಇಷ್ಟೇ:

ಒಂದು, ಸಣ್ಣ ಸಂತೋಷಕ್ಕೆ ಹೊಲದಲ್ಲೇ ಒಂದು ಆದಾಯ ಗೊತ್ತು ಮಾಡಬೇಕು. ಉಳಿದರೆ ನೋಡೋಣ ಅಂದರೆ ಯಾವತ್ತೂ ಉಳಿಯುವುದಿಲ್ಲ.

ಎರಡು, ಆ ದುಡ್ಡಿಗೆ ಲೆಕ್ಕ ಕೇಳಬಾರದು.

ಮೂರು, ಅದಕ್ಕಾಗಿ ಸಾಲ ಮಾಡಬಾರದು. 2023ರಲ್ಲಿ ಮಳೆ ಕೈಕೊಟ್ಟು ಡಬ್ಬಿಗೆ ಬಿದ್ದದ್ದು 1,900 ಮಾತ್ರ. ಆ ವರ್ಷ ಪರಿಷೆ ಬಿಟ್ಟೆವು. ಕಾಫಿ ಬಿಡಲಿಲ್ಲ.

ನಾಲ್ಕು, ಗಂಡಸಿನ ಟೀ, ಬೀಡಿಯೂ ಅದೇ ಪುಸ್ತಕದಲ್ಲಿ ಬರೆಯಬೇಕು. ಬರೆಯಲು ಶುರು ಮಾಡಿದ ಮೇಲೆ ನನ್ನ ಟೀ ದಿನಕ್ಕೆ ಒಂದಕ್ಕೆ ಇಳಿದಿದೆ.

2024ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನ ಅಜ್ಜಿಯೊಬ್ಬರು ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು ಪೇಪರಿನಲ್ಲಿ ಬಂದಿತ್ತು. ದುಂದು ಅಂತ ನಗುವವರು ನಕ್ಕಿರಬಹುದು. ನನಗೆ ಹಾಗನ್ನಿಸಲಿಲ್ಲ. ಸಾಲ ಮಾಡಲಿಲ್ಲ, ಯಾರ ಕೈಯನ್ನೂ ಕಾಯಲಿಲ್ಲ, ತನ್ನ ದುಡ್ಡಿನಲ್ಲಿ ಊರಿಗೆ ಸಿಹಿ ಬಡಿಸಿದರು. ಸಾಲ ತಂದು ಛತ್ರದಲ್ಲಿ ಮದುವೆ ಮಾಡಿ ಹೊಲ ಮಾರಿದವರನ್ನು ಈ ರಸ್ತೆಯಲ್ಲೇ ಬೇಕಾದಷ್ಟು ನೋಡಿದ್ದೇನೆ.

ಈ ಸಲ ಬಿತ್ತನೆಗೆ ಇಳಿಯುವ ಮುಂಚೆ ನಿಮ್ಮ ಮನೆಯವರನ್ನು ಒಂದು ಮಾತು ಕೇಳಿ, ಯಾವ ಸಾಲು ಅವರದು ಅಂತ. ಅವರು ಇರುವಾಗಲೇ ಕೇಳಿ.