ಅಜ್ಜಿಯ ರಕ್ತವೂ ಅಯಸ್ಕಾಂತವೂ

ಕಳೆದ ಮಳೆಗಾಲದಲ್ಲಿ ಅಜ್ಜಿಗೆ ಆರು ದಿನ ಬಿಡದ ಜ್ವರ. ಡೆಂಗಿ ಇರಬಹುದೆಂದು ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಲ್ಯಾಬಿನಲ್ಲಿ ನರ ಸಿಗದೆ ಎರಡೂ ಕೈಗೆ ಚುಚ್ಚಿ, ಅಂತೂ ಒಂದು ಟ್ಯೂಬ್ ರಕ್ತ ತೆಗೆದರು. ಸಂಜೆ ರಿಪೋರ್ಟ್ ತರಲು ಹೋದರೆ, "ಸ್ಯಾಂಪಲ್ ಹೀಮೋಲೈಸ್ ಆಗಿದೆ, ನಾಳೆ ಮತ್ತೆ ಕರ್ಕೊಂಡು ಬನ್ನಿ" ಎಂದರು. ಮನೆಗೆ ಬಂದು ಹೇಳಿದ್ದಕ್ಕೆ ಅಜ್ಜಿ, "ಇರೋದೇ ಇಷ್ಟು ರಕ್ತ, ಅದನ್ನೂ ಚೆಲ್ಲಿಬಿಟ್ರಾ?" ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಹೀಮೋಲೈಸ್ ಎಂದರೆ ಕೆಂಪು ರಕ್ತಕಣಗಳು ಒಡೆದು, ತಿಳಿ ಹಳದಿ ಇರಬೇಕಾದ ಸೀರಮ್ ಕೆಂಪಾಗುವುದು. ಡೆಂಗಿ ಪ್ರತಿಕಾಯ ಹುಡುಕುವ ಎಲೈಸಾದಂಥ ಪರೀಕ್ಷೆಗಳು ಬೆಳಕು ಹಾಯಿಸಿ ಬಣ್ಣ ಅಳೆಯುತ್ತವೆ. ಅಲ್ಲಿ ಈ ಕೆಂಪು ತೊಡಕು. ಹಾಗಾದರೆ ಬೆಳಕನ್ನೇ ಬಿಟ್ಟು ನೋಡಲಾಗದೇ? ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಬೋಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕೆಲಸ. ರಾಲ್ಫ್ ವೈಸ್‌ಲೆಡರ್ ಮತ್ತು ಸಂಗಡಿಗರು 2002ರಲ್ಲಿ ಅಯಸ್ಕಾಂತೀಯ ಕಣಗಳಿಂದ ಡಿಎನ್‌ಎ, ಪ್ರೋಟೀನುಗಳನ್ನು ಗುರುತಿಸಿ ತೋರಿಸಿದರು; 2003ರಲ್ಲಿ ವೈರಸ್‌ಗಳನ್ನೂ.

ಉಪಾಯ ಸರಳ. ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳಿಗೆ ರೋಗಾಣುವಿನ ಪ್ರೋಟೀನ್ ಅಂಟಿಸಿ ಸ್ಯಾಂಪಲ್ಲಿಗೆ ಬಿಡಿ. ಆ ರೋಗದ ಪ್ರತಿಕಾಯ ಅಲ್ಲಿದ್ದರೆ, ಅದಕ್ಕಿರುವ ಎರಡು ತೋಳುಗಳಲ್ಲಿ ಎರಡು ಕಣಗಳನ್ನು ಹಿಡಿಯುತ್ತದೆ. ಹೀಗೆ ಒಂದಕ್ಕೊಂದು ಸೇರಿ ಕಣಗಳು ಗುಂಪುಗಟ್ಟುತ್ತವೆ. ನಮ್ಮೂರುಗಳಲ್ಲಿ ಟೈಫಾಯಿಡ್‌ಗೆ ಮಾಡಿಸುವ ವೈಡಾಲ್ ಟೆಸ್ಟ್ ನೆನಪಿದೆಯಲ್ಲ? 1896ರ ಆ ಪರೀಕ್ಷೆಯಲ್ಲೂ ಪ್ರತಿಕಾಯಗಳು ಬ್ಯಾಕ್ಟೀರಿಯಾವನ್ನು ಹೀಗೇ ಮುದ್ದೆಗಟ್ಟಿಸುತ್ತವೆ. ಅದನ್ನು ಕಣ್ಣಲ್ಲಿ ನೋಡುತ್ತಾರೆ, ಇದನ್ನು ನೋಡುವುದು ನೀರು!

ನೀರಿನ ಹೈಡ್ರೋಜನ್ ಬೀಜಕಣಗಳು ಅಯಸ್ಕಾಂತದ ನಡುವೆ ಬುಗುರಿಯಂತೆ ಓಲಾಡುತ್ತವೆ. ಒಂದು ರೇಡಿಯೊ ತರಂಗ ತಾಗಿಸಿದರೆ ಕೋಲಾಟದವರಂತೆ ಎಲ್ಲವೂ ಒಂದೇ ತಾಳಕ್ಕೆ ಬರುತ್ತವೆ, ಆಮೇಲೆ ನಿಧಾನವಾಗಿ ತಾಳ ತಪ್ಪುತ್ತವೆ. ಎಂಆರ್‌ಐ ಯಂತ್ರ ಕೇಳಿಸಿಕೊಳ್ಳುವುದೂ ಇಂಥದ್ದನ್ನೇ. ಸಣ್ಣ ಕಣಗಳು ಗುಂಪುಗಟ್ಟಿದಾಗ ಸುತ್ತಲಿನ ಕಾಂತಕ್ಷೇತ್ರ ಏರುಪೇರಾಗಿ ನೀರು ಬೇಗ ತಾಳ ತಪ್ಪುತ್ತದೆ. ಆ ಸಮಯ ಅಳೆದರೆ ಪ್ರತಿಕಾಯ ಇದೆಯೋ ಇಲ್ಲವೋ ತಿಳಿಯಿತು. ಬಣ್ಣದ ಮಾತೇ ಇಲ್ಲ.

ಇದನ್ನು ಅಜ್ಜಿಗೆ ವಿವರಿಸಿದಾಗ ಅವಳ ಪ್ರಶ್ನೆ: "ನನ್ನ ರಕ್ತದಲ್ಲಿ ಕಬ್ಬಿಣ ಕಮ್ಮಿ ಅಂತ ಮಾತ್ರೆ ಕೊಟ್ಟಿದ್ದಾರಲ್ಲ, ಅಯಸ್ಕಾಂತಕ್ಕೆ ಅದು ಸಾಲುತ್ತಾ?" ಒಳ್ಳೆಯ ಪ್ರಶ್ನೆಯೇ. ಹಿಮೋಗ್ಲೋಬಿನ್‌ನ ಕಬ್ಬಿಣ ಬಿಡಿಬಿಡಿಯಾಗಿ ಪ್ರೋಟೀನಿನೊಳಗೆ ಕೂತಿರುವುದರಿಂದ ಅದರ ಕಾಂತಗುಣ ತೀರಾ ದುರ್ಬಲ; ಹೊರಗಿನಿಂದ ಹಾಕಿದ ಕಣಗಳ ಮುಂದೆ ಲೆಕ್ಕಕ್ಕಿಲ್ಲ.

2008ರಲ್ಲಿ ಅದೇ ಆಸ್ಪತ್ರೆಯ ಹಖೋ ಲೀ ಮೊದಲಾದವರು ಈ ಯಂತ್ರವನ್ನು ಚಿಪ್ಪಿನ ಗಾತ್ರಕ್ಕೆ ಇಳಿಸಿದರು. 2014ರಲ್ಲಿ ಟಿ2 ಬಯೋಸಿಸ್ಟಮ್ಸ್ ಕಂಪನಿಯ ಪರೀಕ್ಷೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಅದು ಹುಡುಕುವುದು ಪ್ರತಿಕಾಯವನ್ನಲ್ಲ, ರಕ್ತ ಸೇರಿದ ಕ್ಯಾಂಡಿಡಾ ಎಂಬ ಶಿಲೀಂಧ್ರದ ಡಿಎನ್‌ಎಯನ್ನು. ಸೀರಮ್ ಬೇರ್ಪಡಿಸದ ಇಡೀ ರಕ್ತದಲ್ಲೇ, ಕಲ್ಚರ್‌ಗೆ ದಿನಗಟ್ಟಲೆ ಹಿಡಿಯುವ ಉತ್ತರ ಮೂರರಿಂದ ಐದು ಗಂಟೆಯಲ್ಲಿ.

ಆದರೂ ಅಯಸ್ಕಾಂತ ಮಂತ್ರದಂಡವಲ್ಲ. ಡೆಂಗಿಯ ಮೊದಲ ಪ್ರತಿಕಾಯ ಸಾಮಾನ್ಯವಾಗಿ ಕಾಣುವುದೇ ಜ್ವರ ಬಂದ ನಾಲ್ಕೈದು ದಿನಕ್ಕೆ. ದೇಹ ತಯಾರಿಸದೇ ಇದ್ದದ್ದನ್ನು ಯಾವ ಯಂತ್ರ ತೋರಿಸೀತು? ಹಳೆಯ ಸೋಂಕಿನ ಪ್ರತಿಕಾಯ ಉಳಿದಿದ್ದರೆ ಗೊಂದಲ ಬೇರೆ. ವೈಡಾಲ್ ಟೆಸ್ಟನ್ನು ಡಾಕ್ಟರುಗಳು ಪೂರ್ತಿ ನಂಬದಿರುವುದು ಅದಕ್ಕೂ ಹೌದು.

ಅಜ್ಜಿಯ ಎರಡನೇ ಸ್ಯಾಂಪಲ್ ಸರಿಯಾಗಿತ್ತು. ಡೆಂಗಿ ಐಜಿಎಂ ಪಾಸಿಟಿವ್ ಎಂಬ ರಿಪೋರ್ಟ್ ಹಿಡಿದು ಬರುವಷ್ಟರಲ್ಲಿ ಅವಳ ಜ್ವರ ಇಳಿದಿತ್ತು. "ಗಂಜಿ ಸಾಕು, ಅನ್ನ ತಿಳಿಸಾರು ಮಾಡ್ರೇ" ಎಂದು ಅಡುಗೆಮನೆ ಕಡೆ ಕೂಗುತ್ತಿದ್ದಳು.